ಚಿಪ್ಪು ಬಿಚ್ಚಿದ ಡಿಸ್ಕು

ಗಿಡ್ಡನ ಕೋಟಿನ ಮೂರನೆಯ ಗುಂಡಿ ಕಂದು ಬಣ್ಣದ್ದೋ ಕಪ್ಪು ಬಣ್ಣದ್ದೋ ಎಂಬ ಸಂಶಯ ಸೊಸೆಗೆ ಆ ದಿನ ಬಾರದೇ ಹೋಗಿದ್ದರೆ, ಅಷ್ಟು ದೊಡ್ಡ ಅನಾಹುತ ನಡೆದುಹೋಗಿದೆ ಎಂಬುದು ಆ ಮನೆಯಲ್ಲಿ ಇನ್ನೂ ಎಷ್ಟು ಕಾಲ ಯಾರಿಗೂ ಗೊತ್ತಾಗುತ್ತಿರಲಿಲ್ಲವೋ. ಗೊತ್ತಾಗುವ ಹೊತ್ತಿಗೆ ಉಳಿಸಿಕೊಳ್ಳಲು ಏನೂ ಇರುತ್ತಿರಲಿಲ್ಲ. ಆದ್ದರಿಂದ ಆ ಗುಂಡಿಗೆ ಮೊದಲು ಒಂದು ನಮಸ್ಕಾರ ಹೊಡೆದು ಮುಂದಕ್ಕೆ ಹೋಗೋಣ.

ಗಿಡ್ಡ ಅಂದರೆ ಮನುಷ್ಯನಲ್ಲ, ಬೊಂಬೆ. ಗೇಣುದ್ದದ ತಂತಿಯ ಮೂಳೆಗಳ ಮೇಲೆ ಒಣಗದ ಬಣ್ಣದ ಜೇಡಿ ಮೆತ್ತಿ ಮಾಡಿದ ದರ್ಜಿ. ಅವನ ಕಥೆಯನ್ನು ಸಿನಿಮಾ ಮಾಡುತ್ತಿದ್ದವರು ಆ ಮನೆಯ ಮಾವ. ಬೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ ತೆಗೆಯುವುದು, ಮತ್ತೆ ಕೂದಲೆಳೆಯಷ್ಟು ಸರಿಸುವುದು, ಮತ್ತೊಂದು ಫೋಟೋ. ಹೀಗೆ ದಿನವಿಡೀ ತಿಣುಕಿದರೆ ಗಿಡ್ಡ ಒಂದು ಸಲ ಸೀನುತ್ತಾನೆ. ಆ ಫೋಟೋಗಳನ್ನೆಲ್ಲ ಸಾಲಾಗಿ ಓಡಿಸಿದಾಗ ಜೇಡಿಗೆ ಜೀವ ಬರುತ್ತದೆ. ಚಳಿಯಲ್ಲಿ ಒಂಟಿಯಾಗಿ ನಿಂತ ಬೀದಿದೀಪದ ಕಂಬವನ್ನು ಕಂಡು ಕರುಳು ಚುರುಕ್ ಎಂದು, ಅದಕ್ಕೊಂದು ಕೋಟು ಹೊಲಿಯಲು ಹೊರಟ ದರ್ಜಿಯ ಕಥೆ ಅದು. ಕಂಬದ ಅಳತೆ ತೆಗೆಯುವುದಕ್ಕೇ ಗಿಡ್ಡನಿಗೆ ಒಂದು ಇಡೀ ವರ್ಷ ಹಿಡಿದಿತ್ತು.

“ಅಪ್ಪನ ಸಿನಿಮಾ ಮುಗಿಯೋದ್ರೊಳಗೆ ನಿಜವಾದ ಕಂಬಗಳಿಗೂ ತುಕ್ಕು ಹಿಡಿಯುತ್ತೆ ನೋಡು,” ಎಂದು ಮಗ ಊಟದ ಹೊತ್ತಿಗೆ ಹೆಂಡತಿಯನ್ನು ಛೇಡಿಸುತ್ತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು; ಮೇಲಕ್ಕೆ ಹೋಗಬೇಕು, ಕೆಳಕ್ಕೆ ಬರಬೇಕು, ಅಷ್ಟೇ ಅವನ ಲೋಕ. ಮಾವ ಕೇಳಿಸದವರಂತೆ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು.

ಮಾವ ಹಿಂದೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದವರು. ಊರಿನ ಅರ್ಧದಷ್ಟು ಮುದುಕರು ಇವತ್ತಿಗೂ ಅವರ ಕೈಯಿಂದ ಬಂದ ಹಲ್ಲಿನಲ್ಲೇ ನಗುತ್ತಾರೆ. ಅಂಥ ಕೈ. ಸಿನಿಮಾದ ಮೊದಲ ದೃಶ್ಯದಲ್ಲಿ ಗಿಡ್ಡ ಸೂಜಿಗೆ ದಾರ ಪೋಣಿಸುತ್ತಾನೆ. ಸೂಜಿ ತಂತಿಯದು, ದಾರ ಕೂದಲಿನಷ್ಟು ಸಣ್ಣ, ಗಿಡ್ಡನ ಬೆರಳುಗಳು ಅಕ್ಕಿಕಾಳಿನ ಗಾತ್ರ. ದಾರವನ್ನು ನಾಲಿಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಒಂದೇ ಏಟಿಗೆ ಪೋಣಿಸಿ, ಗಿಡ್ಡ ಮೀಸೆಯಡಿಯಲ್ಲೇ ನಗುತ್ತಾನೆ. ಆ ದೃಶ್ಯವನ್ನು ಮಾವ ಒಬ್ಬರೇ, ಯಾರ ಸಹಾಯವೂ ಇಲ್ಲದೆ, ಸೊಸೆ ಆ ಮನೆಗೆ ಕಾಲಿಡುವ ಮೊದಲೇ ಮುಗಿಸಿದ್ದರು.

ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಮೊದಲು ಬೆರಳ ತುದಿ, ಆಮೇಲೆ ಮಣಿಕಟ್ಟು. ಆದರೆ ಆ ಮನೆಯಲ್ಲಿ ನಡುಕ ಎಂಬ ಶಬ್ದವನ್ನು ಯಾರೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಕೈ ಮಾತು ಕೇಳದ ದಿನ ಮಾವ, “ಇವತ್ತು ಬೆಳಕು ಸರಿಯಿಲ್ಲಮ್ಮ,” ಎನ್ನುತ್ತಿದ್ದರು. ಕಿಟಕಿಗೆಲ್ಲ ಕಪ್ಪು ಬಟ್ಟೆ ಬಡಿದ ಕೋಣೆ, ವರ್ಷಗಳಿಂದ ಉರಿಯುತ್ತಿದ್ದದ್ದು ಅವೇ ಎರಡು ವಿದ್ಯುತ್ ದೀಪ, ಬೆಳಕಿಗೆ ಏನಾಗಬೇಕು? ಸೊಸೆ “ಹೌದು ಮಾವ, ನನಗೂ ಹಾಗೇ ಅನ್ನಿಸ್ತು,” ಎಂದು ದೀಪ ಆರಿಸುತ್ತಿದ್ದಳು. ಬಂದ ಹೊಸದರಲ್ಲಿ ಕ್ಯಾಮೆರಾದ ಗುಂಡಿ ಒತ್ತುವುದಷ್ಟೇ ಅವಳ ಕೆಲಸವಾಗಿತ್ತು. ಬರಬರುತ್ತಾ ಗಿಡ್ಡನ ರೆಪ್ಪೆ, ಬೆರಳು, ಕೊನೆಗೆ ನಡಿಗೆ ಕೂಡ ಅವಳ ಕೈಗೆ ಬಂತು. “ಇಲ್ಲಿ ಸ್ವಲ್ಪ ಕೈಹಾಕು,” ಎನ್ನುತ್ತಿದ್ದರು ಮಾವ, ಏನೋ ಭಾರ ಎತ್ತಲು ಕರೆದವರ ಹಾಗೆ. ಮಧ್ಯದ ದೃಶ್ಯಗಳನ್ನು ಇಬ್ಬರೂ ಮಾಡಿದರು. ಕೊನೆಯ ದೃಶ್ಯವನ್ನು ಹೆಚ್ಚುಕಡಿಮೆ ಅವಳೇ ಮಾಡುತ್ತಿದ್ದಳು. ಇಬ್ಬರಿಗೂ ಗೊತ್ತಿದ್ದ ಈ ಸಂಗತಿಯನ್ನು ಇಬ್ಬರೂ ಗೊತ್ತಿಲ್ಲದವರ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದರು. ಸಿನಿಮಾದಲ್ಲಿ ಅವರ ಕೈಯದ್ದು ಎಂದು ಪೂರ್ತಿಯಾಗಿ ಉಳಿದದ್ದು ಆ ಸೂಜಿದಾರದ ದೃಶ್ಯ ಒಂದೇ.

ಇನ್ನೆರಡು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವ ನೀವು ನನ್ನ ಮೇಲೆ ರೇಗುತ್ತೀರಿ. ಒಂದು, ಒಂದು ದೃಶ್ಯ ಮುಗಿದ ಕೂಡಲೇ ಮಾವ ಅದರ ಜೇಡಿಯನ್ನೆಲ್ಲ ಕಲಸಿ ಮುಂದಿನ ದೃಶ್ಯಕ್ಕೆ ಬಳಸುತ್ತಿದ್ದರು. ಹಳೆಯ ಗಿಡ್ಡನೇ ಹೊಸ ಗಿಡ್ಡ, ಹಳೆಯ ಬೆಕ್ಕೇ ಹೊಸ ಕುರ್ಚಿ. ಹಿಂದಕ್ಕೆ ಹೋಗಿ ಮತ್ತೆ ತೆಗೆಯುತ್ತೇನೆಂದರೆ ಏನೂ ಉಳಿದಿರುವುದಿಲ್ಲ. ಫೋಟೋಗಳಿಗೂ ಅದೇ ನ್ಯಾಯ: ಒಂದೇ ಪ್ರತಿ. ಎರಡನೆಯದು ಇಟ್ಟುಕೊಳ್ಳುವುದು ಅವರ ದೃಷ್ಟಿಯಲ್ಲಿ ಹೇಡಿತನ. ಎರಡು, ಆ ಕೋಣೆಯಲ್ಲಿ ಸೆಕೆಯೇ ಪರಮ ಶತ್ರು. ಬಿಸಿ ತಾಗಿದರೆ ಜೇಡಿ ಮೆತ್ತಗಾಗಿ ಗಿಡ್ಡನ ಮೂಗು ಬಾಯಿಗಿಳಿಯುತ್ತದೆ. ಹಾಗಾಗಿ ಬಿಸಿಯಾಗುವ ಯಾವ ಯಂತ್ರ ಕಂಡರೂ ಮಾವ ಅದರ ಹೊದಿಕೆ ಬಿಚ್ಚಿ ಫ್ಯಾನಿನ ಮುಂದೆ ನಿಲ್ಲಿಸುತ್ತಿದ್ದರು. ಆ ಕೋಣೆಯ ರೇಡಿಯೋಗೆ ಮೈಮೇಲೆ ಬಟ್ಟೆಯಿರಲಿಲ್ಲ, ಕಂಪ್ಯೂಟರಿನ ಪಕ್ಕೆಲುಬು ಕಾಣುತ್ತಿತ್ತು.

ಈಗ ಗುಂಡಿಗೆ ಬರೋಣ. ಕೊನೆಯ ದೃಶ್ಯದಲ್ಲಿ ಗಿಡ್ಡ ಕಿಟಕಿಯ ಹತ್ತಿರ ನಡೆದುಹೋಗಿ, ಹೊರಗೆ ದೂರದಲ್ಲಿ ಊರಿನ ದೀಪಗಳನ್ನು ನೋಡಬೇಕು. ಎರಡನೆಯ ಹೆಜ್ಜೆಗೆ ಕಾಲೆತ್ತಿ ನಿಂತಿದ್ದ. ಚಿಮಟ ಹಿಡಿದ ಸೊಸೆಗೆ ಅವನ ಗುಂಡಿಯ ಮೇಲೆ ಅನುಮಾನ ಬಂತು. ಮೊದಲ ದೃಶ್ಯದ ಫೋಟೋ ನೋಡಿದರೆ ಆಯಿತು ಎಂದು ಕಪಾಟು ತೆರೆದಳು. ಹಳೆಯ ಫೋಟೋಗಳೆಲ್ಲ ಇದ್ದದ್ದು ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಡಿಸ್ಕಿನಲ್ಲಿ, ಮೂರು ಟೆರಾಬೈಟಿನದು. ಕಪಾಟಿನಲ್ಲಿ ಅದಿರಲಿಲ್ಲ.

“ಮಾವ, ನಮ್ಮ ಕಪ್ಪು ಡಬ್ಬಿ ಎಲ್ಲಿಟ್ರಿ?”

“ಯಾವ ಡಬ್ಬಿ?”

“ಅದೇ, ಹಳೇ ಡಿಸ್ಕು. ಗುಂಡಿ ಬಣ್ಣ ನೋಡ್ಬೇಕಿತ್ತು.”

“ಕಣ್ಣೆದುರಿಗೇ ಇದೆಯಲ್ಲಮ್ಮ.” ಮಾವ ಮೇಜಿನ ತುದಿಯತ್ತ ಗಲ್ಲ ತೋರಿಸಿದರು. ಅಲ್ಲಿ ಹಳೆಯ ಡಾಕಿನಲ್ಲಿ, ಅಂದರೆ ಡಿಸ್ಕುಗಳನ್ನು ನೆಟ್ಟಗೆ ಸಿಕ್ಕಿಸಿ ಓದುವ ಸ್ಟ್ಯಾಂಡಿನಲ್ಲಿ, ಬೆತ್ತಲೆ ಲೋಹದ ಡಿಸ್ಕೊಂದು ಫ್ಯಾನಿನ ಗಾಳಿಗೆ ನಿಂತಿತ್ತು.

“ಅದು ಹೊಸ ಡಿಸ್ಕು ಮಾವ. ನೀವು ತರಿಸ್ತೀನಿ ಅಂದಿದ್ರಲ್ಲ, ಅದು.”

“ಹೊಸದೆಲ್ಲಿ ಬಂತು? ಇನ್ನೂ ತರಿಸೇ ಇಲ್ಲ. ಕಪ್ಪು ಡಬ್ಬಿ ಮುಟ್ಟಿದ್ರೆ ಕೈ ಸುಡ್ತಿತ್ತು. ಚಿಪ್ಪು ಬಿಚ್ಚಿ ಗಾಳಿಗೆ ನಿಲ್ಲಿಸ್ದೆ. ಅದೇ ಇದು. ಯಾಕೆ?”

ಸೊಸೆಯ ಕೈಯಿಂದ ಚಿಮಟ ಜಾರಿ ನೆಲಕ್ಕೆ ಬಿತ್ತು. ಏಕೆಂದರೆ ಕೊನೆಯ ದೃಶ್ಯ ಶುರು ಮಾಡಿದ ದಿನ ಬೆಳಿಗ್ಗೆ ಆ ಸ್ಟ್ಯಾಂಡಿನಲ್ಲಿ ಬೆತ್ತಲೆ ಡಿಸ್ಕು ಕಂಡು, ಮಾವ ಹೊಸದನ್ನು ತರಿಸಿದರು ಎಂದುಕೊಂಡು ಸ್ವಿಚ್ಚು ಹಾಕಿದ್ದವಳು ಅವಳೇ. ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕಂಪ್ಯೂಟರು ಕೇಳಿತ್ತು. ಹೊಸ ಡಿಸ್ಕುಗಳೆಲ್ಲ ಹಾಗೇ ಕೇಳುತ್ತವೆ. ಮಾಡು ಎಂದಿದ್ದಳು. ಮಾಡಿದ ಮೇಲೆ ನೋಡಿದರೆ ಒಳಗೆ ಇದ್ದ ಜಾಗ ಏಳುನೂರ ನಲವತ್ತಾರು ಗಿಗಾಬೈಟು. ಮೂರು ಟೆರಾಬೈಟಿನದು ತರಿಸುತ್ತೇನೆ ಎಂದಿದ್ದರು ಮಾವ. ಇದು ಅದರ ಕಾಲು ಭಾಗವೂ ಇಲ್ಲ. ಅಂಗಡಿಯವನು ಪಾಪ ಮಾವನಿಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ, ಹೇಳಿದರೆ ನೊಂದುಕೊಳ್ಳುತ್ತಾರೆ ಎಂದು ಸುಮ್ಮನಾಗಿದ್ದಳು. ಅವತ್ತಿನಿಂದ ಕೊನೆಯ ದೃಶ್ಯದ ಫೋಟೋಗಳನ್ನೆಲ್ಲ ಅದರಲ್ಲೇ ತುಂಬುತ್ತಾ ಬಂದಿದ್ದಳು. ಮರುಕ ತೋರಿಸಲು ಹೋಗಿ ಮನೆ ಮುಳುಗಿಸಿದ್ದಳು.

ಮುಚ್ಚಿಡುವ ಯೋಚನೆ ಬರಲಿಲ್ಲವೇ ಎಂದು ಕೇಳಬೇಡಿ. ಬರಲು ತಲೆಯಲ್ಲಿ ಜಾಗವೇ ಇರಲಿಲ್ಲ. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು.

“ಮಾವ, ನಾನು ಅದನ್ನ ಫಾರ್ಮ್ಯಾಟ್ ಮಾಡ್ಬಿಟ್ಟೆ.”

“ಏನು ಮಾಡ್ದೆ?”

“ಹೊಸದು ಅಂದ್ಕೊಂಡು ಅಳಿಸ್ಬಿಟ್ಟೆ. ಅದರ ಮೇಲೇ ಹೊಸ ಫೋಟೋ ಹಾಕ್ತಿದ್ದೀನಿ. ಇಷ್ಟು ದಿನದಿಂದ.”

ಮಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು. ಕೈಯಲ್ಲಿದ್ದ ಮೇಣ ಕೆತ್ತುವ ಚಾಕುವನ್ನು ಮೇಜಿನ ಮೇಲಿಡಲು ಹೋದರು, ಅದು ಮೇಜಿನಂಚಿಗೆ ಟಕಟಕ ಬಡಿಯಿತು, ಕೆಳಗಿಡಲು ಎರಡೂ ಕೈ ಬೇಕಾಯಿತು. ಆಮೇಲೆ ಸ್ಟೂಲಿನ ಮೇಲೆ ಕುಸಿದರು.

“ಸೂಜಿ?” ಎಂದರು. ಅಷ್ಟೇ.

ಕಂಬ ಹೋಯಿತೇ, ಬೆಕ್ಕು ಹೋಯಿತೇ, ಇಷ್ಟು ವರ್ಷದ ದುಡಿಮೆ ಹೋಯಿತೇ ಎಂದು ಅವರು ಕೇಳಲಿಲ್ಲ. ಸೊಸೆ ಫೋನು ಹುಡುಕಿದಳು.

ಅವಳಿಗೆ ಶಾಲೆಯಲ್ಲಿ ಜೊತೆಗೆ ಓದಿದ ಗೆಳತಿಯೊಬ್ಬಳಿದ್ದಳು. ಆಗಲೂ ಈಗಲೂ ತಲೆಗೂದಲ ಗಂಟಿಗೆ ಕ್ಲಿಪ್ಪಿನ ಬದಲು ಸ್ಕ್ರೂಡ್ರೈವರ್ ಸಿಕ್ಕಿಸಿಕೊಳ್ಳುವವಳಾದ್ದರಿಂದ ಎಲ್ಲರೂ ಅವಳನ್ನು ಸ್ಕ್ರೂ ಎಂದೇ ಕರೆಯುತ್ತಿದ್ದರು. ಸ್ಟೇಷನರಿ ಅಂಗಡಿಯ ಮಹಡಿಯ ಮೇಲೆ ಕೆಟ್ಟ ಡಿಸ್ಕುಗಳಿಂದ ಫೋಟೋ, ಲೆಕ್ಕಪತ್ರ ಹೊರತೆಗೆಯುವುದು ಅವಳ ಕಸುಬು. ಬಾಯಿ ಸ್ವಲ್ಪ ಉದ್ದ, ಬೈಗುಳ ಧಾರಾಳ. ಫೋನಿನಲ್ಲಿ ಅರ್ಧ ಕೇಳಿದ್ದೇ, “ಸ್ವಿಚ್ ಆಫ್ ಮಾಡು. ಯಾರೂ ಮುಟ್ಬೇಡಿ. ಉಸಿರೂ ಬಿಡ್ಬೇಡಿ,” ಎಂದು ಸ್ಕೂಟರ್ ಹತ್ತಿ ಬಂದೇಬಿಟ್ಟಳು.

“ಎಷ್ಟರ ಡಿಸ್ಕು?”

“ಮೂರು ಟೆರಾ.”

“ತೋರಿಸಿದ್ದೆಷ್ಟು?”

“ಏಳುನೂರ ನಲವತ್ತಾರು ಗಿಗಾ.”

ಸ್ಕ್ರೂ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಕರ್ಮವೇ, ಈ ನಂಬರು ನನಗೆ ನನ್ನ ಫೋನ್ ನಂಬರಿಗಿಂತ ಚೆನ್ನಾಗಿ ಗೊತ್ತು ಕಣೇ! ಈ ಸ್ಟ್ಯಾಂಡು ಓಬೀರಾಯನ ಕಾಲದ್ದು. ಇದಕ್ಕೆ ಎರಡು ಟೆರಾ ತನಕ ಮಾತ್ರ ಎಣಿಸೋಕೆ ಬರೋದು. ಅದಾದ್ಮೇಲೆ ಸೊನ್ನೆಯಿಂದ ಮತ್ತೆ ಶುರು ಮಾಡುತ್ತೆ. ಮೂರರಲ್ಲಿ ಎರಡು ಕಳೆದು, ಅಳತೆಯ ವ್ಯತ್ಯಾಸವೂ ಹೋಗಿ ಮಿಕ್ಕಿದ್ದಷ್ಟೇ ಅದರ ಕಣ್ಣಿಗೆ ಡಿಸ್ಕು. ದೊಡ್ಡ ಡಿಸ್ಕು ಕಡಿಮೆ ಜಾಗ ತೋರಿಸಿದ್ರೆ ಮೊದಲು ಸ್ಟ್ಯಾಂಡ್ ಬದಲಾಯಿಸಿ ನೋಡ್ಬೇಕು, ಕೇಬಲ್ ಬದಲಾಯಿಸಿ ನೋಡ್ಬೇಕು, ಬೇರೆ ಕಂಪ್ಯೂಟರಿಗೆ ಹಾಕಿ ನೋಡ್ಬೇಕು. ಅದು ಬಿಟ್ಟು ಯಾರಾದ್ರೂ ಫಾರ್ಮ್ಯಾಟ್ ಒತ್ತುತ್ತಾರಾ? ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?”

“ಅವಳಿಗೆ ಬೈಬೇಡ,” ಎಂದರು ಮಾವ. “ಚಿಪ್ಪು ಬಿಚ್ಚಿದವನು ನಾನು.”

“ನಿಮಗೂ ಬೈತೀನಿ ಅಂಕಲ್, ಸರದಿ ಬರಲಿ.” ಅವಳು ಆಗಲೇ ಬ್ಯಾಗಿನಿಂದ ತನ್ನ ಡಿಸ್ಕು ತೆಗೆದು, ಕೊನೆಯ ದೃಶ್ಯದ ಹೊಸ ಫೋಟೋಗಳನ್ನು ಅದಕ್ಕೆ ಇಳಿಸಿಕೊಳ್ಳುತ್ತಿದ್ದಳು. “ಇದು ಮೊದಲು ಸೇಫ್ ಆಗ್ಲಿ. ಫಾರ್ಮ್ಯಾಟ್ ಮಾಡಿದ್ರೆ ಎಲ್ಲ ಉಜ್ಜಿಹೋಗೋದಿಲ್ಲ. ಏನೆಲ್ಲಿದೆ ಅನ್ನೋ ಗುರುತು ಮಾತ್ರ ಹೋಗಿರುತ್ತೆ. ಮೇಲೆ ಬೇರೆ ಏನೂ ಬೀಳದ ಜಾಗದಲ್ಲಿ ಹಳೇದು ಹಾಗೇ ಇರುತ್ತೆ. ಹುಡುಕಿ ತೆಗೀಬಹುದು. ಸರಿ, ಆ ಕಪ್ಪು ಚಿಪ್ಪಿನೊಳಗೆ ಬೆರಳುದ್ದದ ಹಸಿರು ಬೋರ್ಡ್ ಇರ್ಬೇಕಲ್ಲ, ಕೊಡಿ.”

ಮಾವ ಖಾಲಿ ಚಿಪ್ಪನ್ನು ತಂದು ಅವಳ ಮುಂದಿಟ್ಟರು.

“ಬೋರ್ಡ್ ಅಂಕಲ್. ಡಿಸ್ಕಿಗೂ ಕೇಬಲ್‌ಗೂ ನಡುವೆ ಇರುತ್ತಲ್ಲ. ಈ ಮಾಡೆಲ್‌ನಲ್ಲಿ ಒಳಗಿರೋದಕ್ಕೆಲ್ಲ ಅದು ಬೀಗ ಹಾಕಿ ಇಡುತ್ತೆ. ಕೀಲಿ ಅದರಲ್ಲೇ ಇರೋದು. ಅದಿಲ್ಲದೆ ಹಾಕಿದ್ರೆ ಡಿಸ್ಕು ಖಾಲಿ ಥರ ಕಾಣುತ್ತೆ, ಅದಕ್ಕೇ ಕಂಪ್ಯೂಟರು ಫಾರ್ಮ್ಯಾಟ್ ಕೇಳಿದ್ದು. ಇದೇ ಥರದ್ದು ಬೇರೆ ತಂದ್ರೂ ನಡೆಯಲ್ಲ, ಅದೇ ಬೇಕು. ಬಿಸಾಕಿಲ್ಲ ತಾನೇ?”

“ಬಿಸಾಕಿಲ್ಲ,” ಎಂದರು ಮಾವ, ಮೆಲ್ಲಗೆ. ಅವರ ಕಣ್ಣು ಮೇಜಿನ ಮೇಲೆ ಕಟ್ಟಿದ್ದ ಗಿಡ್ಡನ ಮನೆಯ ಕಡೆಗೆ ಹೋಯಿತು. ಸೊಸೆಯ ಕಣ್ಣೂ ಹಿಂದೆಯೇ ಹೋಯಿತು. ಗಿಡ್ಡನ ಮನೆಯ ಪುಟ್ಟ ಕಿಟಕಿ. ಕಿಟಕಿಯಾಚೆ ಗಿಡ್ಡ ನೋಡಬೇಕಾದ ದೂರದ ಊರು. ಸಾಲು ಸಾಲು ಚೌಕ ಕಟ್ಟಡಗಳು, ನಡುವೆ ಬೆಳ್ಳಿಯ ರಸ್ತೆಗಳು, ಕಟ್ಟಡಗಳ ಮೈಗೆ ಹಳದಿ ಚುಕ್ಕೆಯ ದೀಪಗಳು. ಎಷ್ಟು ಚೆನ್ನಾಗಿ ಮಾಡಿದ್ದಾರಪ್ಪ ಮಾವ ಎಂದು ದಿನಾ ಅಂದುಕೊಳ್ಳುತ್ತಿದ್ದಳು. ಮಾಡಿದ್ದಲ್ಲ, ಆ ಬೋರ್ಡಿಗೇ ಹಳದಿ ಚುಕ್ಕೆ ಇಟ್ಟು ಅಂಟಿಸಿದ್ದು ಎಂದು ಈಗ ಹೊಳೆಯಿತು. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

“ಅದನ್ನ ಊರು ಮಾಡ್ಬಿಟ್ರಾ?” ಸ್ಕ್ರೂ ಹತ್ತಿರ ಹೋಗಿ ಬಗ್ಗಿ ನೋಡಿದಳು. “ಅಂಟು ಯಾವುದು?”

“ಹಲ್ಲಿಗೆ ಹಾಕೋದು.”

ಅದು ಬಿಡುವ ಅಂಟಲ್ಲ. ಊರನ್ನು ಕೀಳಬೇಕೆಂದರೆ ಕಿಟಕಿ ಕೀಳಬೇಕು, ಕಿಟಕಿ ಕಿತ್ತರೆ ಗೋಡೆ ಬರುತ್ತದೆ, ಗೋಡೆ ಅಲುಗಿದರೆ ಕಾಲೆತ್ತಿ ನಿಂತ ಗಿಡ್ಡ ಅಲುಗುತ್ತಾನೆ. ಒಮ್ಮೆ ಅಲುಗಿದ ಬೊಂಬೆಯನ್ನು ಅದೇ ಜಾಗದಲ್ಲಿ, ಅದೇ ವಾಲಿಕೆಯಲ್ಲಿ ಯಾವ ಪುಣ್ಯಾತ್ಮನೂ ಮತ್ತೆ ನಿಲ್ಲಿಸಲಾರ. ಈ ಕೊನೆಯ ಶಾಟಿಗಾಗಿ ಅವರಿಬ್ಬರೂ ಎಷ್ಟು ದಿನ ಉಸಿರು ಬಿಗಿಹಿಡಿದಿದ್ದರೋ ಅವೆಲ್ಲವೂ ಅಲ್ಲಿಗೆ ಮುಗಿದವು.

“ನಾನು ತೆಗೀಲಾ ಮಾವ?”

“ಬೇಡ. ನಾನು ಹಚ್ಚಿದ್ದು, ನಾನೇ ತೆಗೀತೀನಿ.”

ಮಾವ ಚಾಕು ಹಿಡಿದು ಗೋಡೆಯ ಹಿಂದೆ ಕೈ ತೂರಿಸಿದರು. ಹೊರಗಿನವಳೊಬ್ಬಳ ಎದುರಿಗೆ ಆ ಕೈ ಎಲೆಯಂತೆ ಅದುರುತ್ತಿತ್ತು. ಸ್ಕ್ರೂ ಆ ಕೈ ನೋಡಿದಳು, ಗೆಳತಿಯ ಮುಖ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು; ಸೊಸೆ ಕಣ್ಣಲ್ಲೇ ಅವಳ ಬಾಯಿ ಮುಚ್ಚಿಸಿದಳು. ಅಂಟು ಕಿರ್ ಎಂದಿತು. ಊರು ಬಿಟ್ಟುಕೊಂಡಿತು, ಅದರ ಜೊತೆಗೆ ಗೋಡೆಯೂ ಬಂತು, ಗೋಡೆ ಗಿಡ್ಡನ ಮೇಲೆ ಕವುಚಿತು. ಎತ್ತಿ ನೋಡಿದರೆ ಗಿಡ್ಡನ ಮುಖ ಚಪ್ಪಟೆಯಾಗಿ, ಮೀಸೆ ಕಿವಿಗೆ ಹೋಗಿತ್ತು. ಸೊಸೆ ಹಾ ಎಂದಳು. ಮಾವ ಆ ಕಡೆ ತಿರುಗಿಯೂ ನೋಡದೆ ಬೋರ್ಡನ್ನು ಅಂಗೈಮೇಲೆ ಚಾಚಿದರು.

“ತಗೋಮ್ಮ ಊರು. ಸೂಜಿ ತೆಗೆದುಕೊಡು.”

ಸ್ಕ್ರೂ ಸ್ಪಿರಿಟ್ಟು, ಹಲ್ಲುಜ್ಜುವ ಬ್ರಷ್ಷು ಹಿಡಿದು ಬೋರ್ಡಿನ ಬಣ್ಣ, ಅಂಟು ತಿಕ್ಕಿ ತೆಗೆದಳು. ಅದೊಂದು ಕೆಲಸ ಮುಗಿಯುವ ತನಕ ಯಾರೂ ಕೂರಲಿಲ್ಲ. ಡಿಸ್ಕಿಗೆ ಬೋರ್ಡು ಸಿಕ್ಕಿಸಿ ಸ್ವಿಚ್ಚು ಹಾಕಿದಾಗ ದೀಪ ಹತ್ತಲಿಲ್ಲ. ಮತ್ತೆ ಉಜ್ಜಿದಳು, ಮತ್ತೆ ಸಿಕ್ಕಿಸಿದಳು. ಈ ಸಲ ನೀಲಿ ದೀಪ ಮಿಣುಕಿತು, ಡಿಸ್ಕು ಒಳಗೊಳಗೇ ಗುಂಯ್ ಎಂದು ತಿರುಗಿತು.

“ಎರಡೂ ಮುಕ್ಕಾಲಿಗೂ ಕಡಿಮೆ ತೋರಿಸ್ತಿದೆ!” ಸೊಸೆ ಕಿರುಚಿಯೇಬಿಟ್ಟಳು. “ಮೂರು ಇರ್ಬೇಕಲ್ವೇನೇ? ಇನ್ನು ಕಾಲು ಎಲ್ಲಿ ಹೋಯ್ತು?”

“ಕಿವಿ ಹತ್ರ ಕಿರುಚ್ಬೇಡ. ಎಲ್ಲೂ ಹೋಗಿಲ್ಲ. ಡಿಸ್ಕ್ ಮಾಡೋರು ಸಾವಿರದ ಲೆಕ್ಕದಲ್ಲಿ ಅಳೀತಾರೆ, ಕಂಪ್ಯೂಟರು ಸಾವಿರದ ಇಪ್ಪತ್ನಾಲ್ಕರ ಲೆಕ್ಕದಲ್ಲಿ ಅಳೆಯುತ್ತೆ. ಅಳತೆಗೋಲು ಬೇರೆ, ಬಟ್ಟೆ ಅಷ್ಟೇ ಇದೆ. ಅದು ಸರಿಯಾಗೇ ಇದೆ, ನೀನು ನೀರು ಕುಡಿ.”

ಆಮೇಲೆ ಹುಡುಕಾಟ. ಸ್ಕ್ರೂ ತಂದಿದ್ದ ಪ್ರೋಗ್ರಾಂ ಡಿಸ್ಕನ್ನು ಹಿಂಬದಿಯಿಂದ ಮುಂಬದಿಗೆ ಇಂಚಿಂಚಾಗಿ ಜಾಲಾಡುತ್ತಾ ಹೋಯಿತು. ಮಧ್ಯಾಹ್ನದ ಊಟ ಯಾರ ಗಂಟಲಲ್ಲೂ ಇಳಿಯಲಿಲ್ಲ. ಪರದೆಯ ಮೇಲೆ ಮೊದಲು ಬರೀ ಬೂದು ಚೌಕಗಳು ಬಂದವು. ಇದ್ದಕ್ಕಿದ್ದಂತೆ ಒಂದು ಚೌಕದಲ್ಲಿ ಗಿಡ್ಡ ಕಂಬಕ್ಕೆ ಏಣಿ ಹಾಕುತ್ತಿದ್ದ. ಮುಂದಿನದರಲ್ಲಿ ಒಂದು ಮೆಟ್ಟಿಲು ಹತ್ತಿದ್ದ. ಆಮೇಲೆ ಸಾಲುಗಟ್ಟಿ ಬಂದವು: ಬೆಕ್ಕು, ಟೇಪು, ಕತ್ತರಿ, ಚಳಿಗೆ ಕೆಂಪಾದ ಮೂಗು, ಸೀನು. ಸೊಸೆ ಅಳುತ್ತಾ ನಗುತ್ತಾ ಮಾವನ ತೋಳು ಹಿಡಿದು ಅಲ್ಲಾಡಿಸಿದಳು. ಮೊದಲು ಯಾವತ್ತೂ ಹಾಗೆ ಅವರ ತೋಳು ಹಿಡಿದವಳಲ್ಲ.

“ಬಂತು ಮಾವ! ಎಲ್ಲ ಬರ್ತಿದೆ! ನೋಡಿ, ಅಳತೆ ತೆಗೆಯೋದು ಪೂರ್ತಿ ಬಂತು!”

ಮಾವ ನೋಡುತ್ತಿದ್ದರು. ಅವರು ಕಾಯುತ್ತಿದ್ದದ್ದು ಅದಕ್ಕಲ್ಲ.

ಸಂಜೆಯ ಹೊತ್ತಿಗೆ ಹುಡುಕಾಟ ಮುಗಿಯಿತು. ಸ್ಕ್ರೂ ಪರದೆಯನ್ನು ಒಂದು ಕ್ಷಣ ನೋಡಿ, ಕೂದಲ ಗಂಟಿನಿಂದ ಸ್ಕ್ರೂಡ್ರೈವರ್ ಕಿತ್ತು ಮೇಜಿನ ಮೇಲಿಟ್ಟಳು. ಅವಳ ದನಿಯಲ್ಲಿ ಅಷ್ಟು ಹೊತ್ತಿದ್ದ ಜೋರು ಇರಲಿಲ್ಲ.

“ಹೆಚ್ಚುಕಡಿಮೆ ಎಲ್ಲ ಸಿಕ್ತು. ಮೊದಲನೇದು ಸಿಗಲಿಲ್ಲ.”

“ಅಂದ್ರೆ?”

“ಡಿಸ್ಕು ಶುರುವಿನಿಂದ ತುಂಬಿಕೊಂಡು ಬರುತ್ತೆ ಕಣೇ. ಅಂಕಲ್ ಮೊದಲು ಹಾಕಿದ್ದು ಮೊದಲ ಜಾಗದಲ್ಲಿತ್ತು. ನೀನು ಫಾರ್ಮ್ಯಾಟ್ ಮಾಡಿದ್ಮೇಲೆ ಹಾಕಿದ್ದೂ ಅದೇ ಜಾಗಕ್ಕೆ ಹೋಗಿ ಕೂತಿದೆ. ಮೇಲೆ ಕೂತಿದ್ದರ ಕೆಳಗಿಂದ ತೆಗೆಯೋಕೆ ನನ್ನ ಕೈಯಲ್ಲಿ ಆಗಲ್ಲ. ಯಾರ ಕೈಯಲ್ಲೂ ಆಗಲ್ಲ.”

ಸೊಸೆಗೆ ಅರ್ಥವಾಯಿತು. ಸೂಜಿದಾರದ ದೃಶ್ಯದ ಮೇಲೆ ಕೂತಿರುವುದು ಕೊನೆಯ ದೃಶ್ಯ. ಮಾವನ ಕೈ ಮಾಡಿದ್ದರ ಮೇಲೆ ಅವಳ ಕೈ ಮಾಡಿದ್ದು. ಇಡೀ ಸಿನಿಮಾ ಉಳಿದಿದೆ, ಅವರದ್ದೇ ಎಂದು ಇದ್ದದ್ದು ಮಾತ್ರ ಹೋಗಿದೆ, ಮತ್ತು ಅದನ್ನು ಅಳಿಸಿದ್ದು ಅವಳು. ಉಳಿದದ್ದೆಲ್ಲ ಹೋಗಿ ಅದೊಂದು ಉಳಿದಿದ್ದರೆ ಎಂದು ಅವಳಿಗೆ ನಿಜವಾಗಿ ಅನ್ನಿಸಿತು. ತಲೆಯೆತ್ತಿ ಮಾವನ ಮುಖ ನೋಡುವ ಧೈರ್ಯವಾಗಲಿಲ್ಲ.

ಮಾವ ಎದ್ದರು. ಸ್ಕ್ರೂಗೆ, “ತುಂಬಾ ಕಷ್ಟಪಟ್ಟೆಯಮ್ಮ,” ಎಂದರು. ಚಪ್ಪಟೆಯಾಗಿ ಬಿದ್ದಿದ್ದ ಗಿಡ್ಡನನ್ನು ಎತ್ತಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗ ಕೆಲಸದಿಂದ ಬಂದವನು ಬಾಗಿಲು ತಟ್ಟಿದ. ಒಳಗಿನಿಂದ ಊಟ ಬೇಡ ಎಂಬ ಮಾತಷ್ಟೇ ಬಂತು. ಹೆಂಡತಿ ನಡೆದದ್ದನ್ನು ಹೇಳಿದಾಗ ಅವನು ಛೇಡಿಸಲಿಲ್ಲ. ಅದು ಅವಳಿಗೆ ಇನ್ನೂ ಹೆದರಿಕೆ ಹುಟ್ಟಿಸಿತು.

ಬೆಳಿಗ್ಗೆ ಅವಳು ಕಪ್ಪು ಬಟ್ಟೆಯ ಕೋಣೆಗೆ ಹೋದಾಗ ಎರಡೂ ದೀಪ ಉರಿಯುತ್ತಿದ್ದವು. ಮಾವ ಮೇಜಿನ ಮುಂದೆ ಕೂತಿದ್ದರು. ಗಿಡ್ಡನಿಗೆ ಮುಖ ಬಂದಿತ್ತು, ಆದರೆ ಅದು ನಿನ್ನೆಯ ಮುಖವಲ್ಲ. ಒಂದು ಕಣ್ಣು ಸ್ವಲ್ಪ ದೊಡ್ಡದು, ಮೀಸೆ ಒಂದು ಕಡೆ ದಪ್ಪ. ಅವನ ಒಂದು ಕೈಯಲ್ಲಿ ತಂತಿಯ ಸೂಜಿ, ಇನ್ನೊಂದರಲ್ಲಿ ದಾರ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕಾಯುತ್ತಿತ್ತು.

ಅವಳು ಇಡೀ ರಾತ್ರಿ ಯೋಚಿಸಿಟ್ಟುಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು. “ಮಾವ, ನೀವು ಹೇಳ್ಕೊಡಿ, ನಾನು ಮಾಡ್ತೀನಿ. ನೀವು ಹೇಗೆ ಮಾಡಿದ್ರೋ ಥೇಟ್ ಹಾಗೇ ಮಾಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ನನಗೆ ಗೊತ್ತಾಗುತ್ತಲ್ಲಮ್ಮ.”

ಅವಳು ಚಿಮಟದತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

“ಕೊನೇದು ನೀನು ಮಾಡ್ದೆ,” ಎಂದರು ಮಾವ, ಗಿಡ್ಡನ ಮೀಸೆ ನೋಡುತ್ತಾ. “ಮಧ್ಯದ್ದೂ ಬಹಳಷ್ಟು ನಿನ್ನದೇ. ನನಗೇನು ಕಣ್ಣಿಲ್ವಾ? ನನಗಿಂತ ಚೆನ್ನಾಗೇ ಮಾಡ್ದೆ. ನಿನ್ನೆ ಆ ಫೋಟೋಗಳು ಸಾಲಾಗಿ ಬರ್ತಿದ್ದಾಗ ನೋಡ್ದೆ. ಕೊನೇದು ಮತ್ತೆ ನಿಲ್ಲಿಸಿ ನೀನೇ ಮುಗಿಸು. ಇದು ಮಾತ್ರ ನನಗೆ ಬಿಡು. ಕ್ಯಾಮೆರಾ ಹಿಡಿ.”

ಅಳಿಸಿದ್ದು ಹಳೆಯ ಡಿಸ್ಕೆಂದು ಗೊತ್ತಾದಾಗ, ಊರು ಬೋರ್ಡಾಗಿ ಕಂಡಾಗ ಕೂಡ ಅವಳು ಹೀಗೆ ದಂಗಾಗಿರಲಿಲ್ಲ. ವರ್ಷಗಟ್ಟಲೆ ಇಬ್ಬರೂ ಸೇರಿ ಮುಚ್ಚಿಟ್ಟಿದ್ದ ಮಾತನ್ನು ಅವರು ನೀರು ಕೊಡು ಎಂದಷ್ಟೇ ಸಲೀಸಾಗಿ ಹೇಳಿಬಿಟ್ಟಿದ್ದರು. ಅವಳು ಹೇಗೋ ಕ್ಯಾಮೆರಾದ ಹಿಂದೆ ಬಂದು ಕೂತಳು.

ಮಾವ ಚಿಮಟದಿಂದ ದಾರ ಹಿಡಿದರು. ಚಿಮಟ ಅದುರಿತು, ದಾರ ಸೂಜಿಯ ಕಣ್ಣಿನ ಎಡಕ್ಕೆ ಹೋಯಿತು. ಕ್ಲಿಕ್. ಸರಿಸಿದರು, ಬಲಕ್ಕೆ ಹೋಯಿತು. ಕ್ಲಿಕ್. ಗಿಡ್ಡನ ಮೊಣಕೈಗೆ ಅವರ ಬೆರಳು ತಾಗಿ ಅವನು ಒಂದಿಷ್ಟು ವಾಲಿದ. ನಿಲ್ಲಿಸಿದರು. ಕ್ಲಿಕ್. ಅವರ ಹಣೆಯಲ್ಲಿ ಬೆವರು ಮೂಡಿತು. ಮಧ್ಯಾಹ್ನದ ತನಕ ಒಂದು ಮಾತೂ ಇಲ್ಲದೆ ಹೀಗೇ ನಡೆಯಿತು. ಆಮೇಲೆ ಮಾವ ಬೆನ್ನು ನೆಟ್ಟಗೆ ಮಾಡಿ, “ಓಡಿಸು ನೋಡೋಣ,” ಎಂದರು. ಅವರ ಕಣ್ಣಿಗೆ ಅಷ್ಟು ದೂರದಿಂದ ಕ್ಯಾಮೆರಾದ ಪುಟ್ಟ ಪರದೆ ಕಾಣುತ್ತಿರಲಿಲ್ಲ.

ಅವಳು ಓಡಿಸಿದಳು. ಪರದೆಯಲ್ಲಿ ಒಬ್ಬ ಮುದುಕ ದರ್ಜಿ ಸೂಜಿ ಹಿಡಿದು ಕೂತಿದ್ದ. ದಾರವನ್ನು ತರುತ್ತಿದ್ದ, ದಾರ ತಪ್ಪುತ್ತಿತ್ತು, ಮೈಯೆಲ್ಲ ಅದುರುತ್ತಿತ್ತು, ಮತ್ತೆ ತರುತ್ತಿದ್ದ.

“ಹೇಗೆ ಕಾಣ್ತಿದೆ?”

ಚೆನ್ನಾಗಿದೆ ಮಾವ ಎಂದು ಹೇಳಿ ಹೇಳಿ ಅವಳ ನಾಲಿಗೆಗೆ ರೂಢಿಯಾಗಿತ್ತು. ಅದನ್ನೇ ಹೇಳಲು ಹೋದವಳು ಉಗುಳು ನುಂಗಿದಳು.

“ನಡುಗ್ತಿದೆ ಮಾವ,” ಎಂದಳು. “ತುಂಬಾ ನಡುಗ್ತಿದೆ. ದಾರ ಸೂಜಿಗೆ ಸಿಗ್ತಾ ಇಲ್ಲ.”

ಮಾವ ತಮ್ಮ ಕೈಯನ್ನು ದೀಪದ ಕೆಳಗೆ ಹಿಡಿದು, ಅದು ಅದುರುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಿಮಟ ಎತ್ತಿಕೊಂಡರು.

“ಸಿಗೋ ತನಕ ನೀನು ಒತ್ತುತ್ತಾ ಇರು,” ಎಂದರು.

ಪುಟ್ಟ ಪರದೆ ಮಂಜಾಗಿ ಅವಳಿಗೆ ಸೂಜಿಯೂ ಕಾಣಲಿಲ್ಲ, ದಾರವೂ ಕಾಣಲಿಲ್ಲ. ಆದರೂ ಒತ್ತಿದಳು.